ನೋವಿದ್ದವಳು ಮೊದಲು

ನಮ್ಮ ಮನೆಯಲ್ಲಿ ಯಾರಿಗೆ ಹುಷಾರಿಲ್ಲವೋ ಅವರಿಗೆ ಮೊದಲ ತಟ್ಟೆ. ಇದು ಅಮ್ಮನ ಕಾನೂನು. ಅಣ್ಣನಿಗೆ ನೆಗಡಿಯಾದರೆ ಅವನಿಗೆ ಬಡಿಸಿ, ಅವನು ಉಂಡೆದ್ದ ಮೇಲೆಯೇ ನಮ್ಮ ಸರದಿ. ಬಿಸಿ ಅನ್ನದ ಆಸೆಗೆ ಈ ಮನೆಯಲ್ಲಿ ಎಷ್ಟು ಸುಳ್ಳು ಹೊಟ್ಟೆನೋವು ಬಂದು ಹೋಗಿವೆಯೋ ಲೆಕ್ಕವಿಲ್ಲ.

ಕೊಟ್ಟಿಗೆಗೂ ಅದೇ ಕಾನೂನು. ಯಾವ ಹಸುವಿನ ಕೆಚ್ಚಲು ಬಿಗಿದಿದೆಯೋ, ಯಾವುದು ಕಾಲು ಎತ್ತಿ ಇಳಿಸಿ ಸಂಕಟಪಡುತ್ತಿದೆಯೋ ಅದನ್ನು ಮೊದಲು ಕರೆಯಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಶಾಖ ಕೊಟ್ಟು, ಒಳಗೆ ಕಟ್ಟಿಕೊಂಡ ಒಡಕು ಹಾಲನ್ನೆಲ್ಲ ನಿಧಾನವಾಗಿ ಹಿಂಡಿ ತೆಗೆದು, ಆಮೇಲೆ ಉಳಿದವುಗಳ ಹತ್ತಿರ ಹೋಗಬೇಕು. ಅದೇ ಬಟ್ಟೆ, ಅದೇ ಬಕೆಟ್ಟಿನ ನೀರು, ಅದೇ ಕೈ. ಆಸ್ಪತ್ರೆಯಲ್ಲೂ ನರಳುವವರನ್ನೇ ತಾನೇ ಮೊದಲು ಒಳಗೆ ಕರೆಯುವುದು ಎಂಬುದು ಅಮ್ಮನ ವಾದ. ಇದರಲ್ಲೂ ತಪ್ಪಿದೆ ಎಂದು ಹೇಳುವುದಕ್ಕೆ ನಮ್ಮ ಮನೆಗೆ ಅತ್ತಿಗೆಯೇ ಬರಬೇಕಾಯಿತು.

ಅತ್ತಿಗೆ ಪೇಟೆಯಲ್ಲಿ ದನಕರುಗಳ ರೋಗ ಪತ್ತೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವವಳಲ್ಲ, ಗೊತ್ತಿರುವುದನ್ನು ನುಂಗಿಕೊಂಡು ಸುಮ್ಮನಿರುವವಳೂ ಅಲ್ಲ. ಸೊಸೆಯಾಗಿ ಬಂದವಳಿಗೆ ಇವೆರಡೂ ಒಳ್ಳೆಯ ಗುಣಗಳಲ್ಲ. ಅಣ್ಣ ಹಾಲಿನ ವ್ಯಾನು ಓಡಿಸುತ್ತಾನೆ, ಮನೆಯಲ್ಲೂ ಹಾರ್ನು ಹೊಡೆದುಕೊಂಡೇ ಓಡಾಡುತ್ತಾನೆ. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡಿದ್ದೇನೆ. ಅಣ್ಣ ನನ್ನನ್ನು ಕತ್ತರಿ ಎಂದು ಕರೆಯುತ್ತಾನೆ, ಅದು ಕಸುಬಿನಿಂದ ಬಂದ ಹೆಸರೋ ನಾಲಿಗೆಯಿಂದ ಬಂದದ್ದೋ ಕೇಳಲು ಹೋಗಿಲ್ಲ. ಅವರ ಮಗಳು ಪುಟ್ಟಿ ಇನ್ನೂ ಶಾಲೆಗೆ ಸೇರಿಲ್ಲ, ಆದರೂ ಮನೆಯ ಮಾತನ್ನೆಲ್ಲ ಬೀದಿಗೆ ಸಾಗಿಸುವ ಕೆಲಸವನ್ನು ಈಗಲೇ ಚೆನ್ನಾಗಿ ಮಾಡುತ್ತಾಳೆ.

ಹಿತ್ತಲಿನ ಕೊಟ್ಟಿಗೆ ಮಾತ್ರ ಅಮ್ಮನದು. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನು ಸಾಕಿದ್ದು ಅಲ್ಲಿನ ಹಾಲು. ದೊಡ್ಡವಳು, ಗಯ್ಯಾಳಿ, ಮೂಗಿ ಎಂಬ ಮೂರು ಹಸು, ಅತ್ತಿಗೆ ಆರಿಸಿ ಕೊಡಿಸಿದ ಹೊಸಬಳು, ಮತ್ತೆ ದೊಡ್ಡವಳ ಮಗಳು, ಮೊದಲ ಸಲ ಗಬ್ಬವಾಗಿದ್ದ ಕಡಸು. ಒದ್ದೆ ನೆಲಕ್ಕೆ ಕಾಲಿಡದೆ ಮೂಗು ಮುರಿಯುತ್ತಿದ್ದ ಆ ಕಡಸಿಗೆ ದೊರೆಸಾನಿ ಎಂದು ಹೆಸರಿಟ್ಟವಳು ನಾನು.

ಹೊಸಬಳು ಬಂದ ತಿಂಗಳಿಗೇ ದೊಡ್ಡವಳಿಗೆ ಕೆಚ್ಚಲು ಬಾವು ಬಂತು. ಡಾಕ್ಟರು ಬಂದು ತೊಟ್ಟಿನೊಳಗೆ ಔಷಧಿ ಏರಿಸಿದರು, ಇಳಿಯಿತು. ವಾರ ಕಳೆಯುವಷ್ಟರಲ್ಲಿ ಗಯ್ಯಾಳಿಗೆ ಬಂತು. ಅದು ಇಳಿಯಿತು ಎನ್ನುವಾಗ ಮತ್ತೆ ದೊಡ್ಡವಳಿಗೆ. ಮೂಗಿಯ ಹಾಲಿನಲ್ಲೂ ಸಣ್ಣ ಸಣ್ಣ ಹೆಪ್ಪು ಕಾಣಿಸಿಕೊಂಡಿತು. ಡೇರಿಯವರು ನಮ್ಮ ಕ್ಯಾನನ್ನು ಮೂಸಿ ವಾಪಸು ಕಳಿಸಿದರು, ಅದನ್ನು ಹೊತ್ತು ತಂದವನು ಅಣ್ಣನೇ.

"ನನ್ನ ವ್ಯಾನಿಂದ ನನ್ನ ಮನೆ ಹಾಲನ್ನೇ ಇಳಿಸಿದ್ರು. ಎಲ್ಲಾ ಡ್ರೈವರುಗಳ ಮುಂದೆ," ಎಂದು ಊಟಕ್ಕೆ ಕೂತವನು ತಟ್ಟೆ ತಳ್ಳಿದ. "ಆ ಹೊಸಬಳನ್ನ ಮೊದಲು ಸಾಗಹಾಕ್ಬೇಕು. ಕೋತಿ ತಾನು ಕೆಡೋದಲ್ದೆ ವನಾನೆಲ್ಲ ಕೆಡಿಸ್ತಂತೆ."

"ಹೊಸಬಳಿಗೆ ಏನೂ ಆಗಿಲ್ವಲ್ಲ," ಎಂದಳು ಅತ್ತಿಗೆ.

"ಅದೇ ಮತ್ತೆ. ತಾನು ಚೆನ್ನಾಗಿದ್ದುಕೊಂಡು ಬೇರೆಯವರಿಗೆ ಅಂಟಿಸ್ತಾಳೆ. ಅಂಥೋರೂ ಇರ್ತಾರೆ."

"ನನ್ನನ್ನ ಯಾಕ್ ನೋಡ್ತೀಯ?" ಎಂದೆ ನಾನು.

ಅಮ್ಮ ಅವನ ತಟ್ಟೆಯನ್ನು ಮತ್ತೆ ಮುಂದಕ್ಕೆ ಎಳೆದಿಟ್ಟಳು. "ಯಾರ ತಪ್ಪೂ ಅಲ್ಲ ಕಣೋ. ಹುಲ್ಲು ಒದ್ದೆಯಾಗಿತ್ತು, ಅಷ್ಟೇ. ಊಟದ ಮೇಲೆ ಕೋಪ ಮಾಡ್ಬೇಡ."

ಅತ್ತಿಗೆ ಆಗ ತನ್ನ ಲ್ಯಾಬಿನ ಮಾತು ತೆಗೆದಳು. ಒಂದೊಂದು ತೊಟ್ಟಿನ ಹಾಲನ್ನೂ ಬೇರೆ ಬೇರೆ ಸೀಸೆಯಲ್ಲಿ ಒಯ್ದು ಬೆಳೆಸಿ ನೋಡಿದರೆ ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಾಗುತ್ತದಂತೆ. ಅಷ್ಟೇ ಅಲ್ಲ, ಒಂದೇ ಬ್ಯಾಕ್ಟೀರಿಯಾದಲ್ಲೂ ಬೇರೆ ಬೇರೆ ತಳಿಗಳಿರುತ್ತವಂತೆ, ಅದನ್ನೂ ಕಂಡುಹಿಡಿಯಬಹುದಂತೆ.

"ಹುಳಕ್ಕೂ ಮನೆತನ ಕೇಳ್ತಾರಾ ಈಗ?" ಎಂದ ಅಣ್ಣ.

"ಕೇಳ್ಬೇಕು. ಒಂದೊಂದು ಹಸೂಲೂ ಒಂದೊಂದು ತಳಿ ಸಿಕ್ಕಿದ್ರೆ ಅದು ನೆಲದಿಂದ, ಸಗಣಿಯಿಂದ, ಹುಲ್ಲಿಂದ ಬಂದಿದ್ದು. ಅತ್ತೆ ಹೇಳೋದೇ ಸರಿ. ಎಲ್ಲದರಲ್ಲೂ ಒಂದೇ ತಳಿ ಸಿಕ್ಕಿದ್ರೆ ಒಂದು ಹಸುವಿಂದ ಇನ್ನೊಂದಕ್ಕೆ ದಾಟ್ತಿದೆ ಅಂತ ಅರ್ಥ. ಎರಡಕ್ಕೂ ಮಾಡೋ ಉಪಾಯ ಬೇರೆ. ಗೊತ್ತಿಲ್ದೆ ಔಷಧಿ ಹಾಕೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ."

"ಹಾಗಾದ್ರೆ ನೋಡಮ್ಮ," ಎಂದಳು ಅಮ್ಮ. "ನಿನ್ನ ಓದು ನಮ್ಮ ಮನೆಗೂ ಒಂಚೂರು ಉಪಯೋಗಕ್ಕೆ ಬರಲಿ."

ಮಾರನೆಯ ದಿನ ಬೆಳಿಗ್ಗೆ ಅತ್ತಿಗೆ ಸೀಸೆ ಹಿಡಿದಳು, ಅಮ್ಮ ಹಿಂಡಿದಳು. ಅತ್ತೆ ಸೊಸೆ ಇಬ್ಬರೂ ಒಂದೇ ಹಸುವಿನ ಕೆಳಗೆ ತಲೆಗೆ ತಲೆ ತಾಗಿಸಿಕೊಂಡು ಕೂತಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಖುಷಿಯಾಯಿತು.

ಫಲಿತಾಂಶ ಬರಲು ಹಲವು ದಿನ ಹಿಡಿಯಿತು. ಅಷ್ಟರಲ್ಲಿ ಮೂಗಿಯ ಒಂದು ತೊಟ್ಟು ಪೂರ್ತಿ ಬತ್ತಿತು. ಅತ್ತಿಗೆ ಒಂದು ಸಾಯಂಕಾಲ ಬಂದು, ಚಪ್ಪಲಿ ಬಿಟ್ಟು, ಚಹಾ ಕೂಡ ಮುಟ್ಟದೆ ಅಡಿಗೆಮನೆಯ ಬಾಗಿಲಲ್ಲಿ ನಿಂತಳು.

"ಮೂರರಲ್ಲೂ ಒಂದೇ ತಳಿ. ಹೊಸಬಳಲ್ಲಿ ಏನೂ ಇಲ್ಲ."

ಅಣ್ಣನ ಮುಖ ಸಣ್ಣದಾಯಿತು. "ಹಾಗಾದ್ರೆ ಹೇಗೆ ದಾಟ್ತು? ಅವು ಒಂದಕ್ಕೊಂದು ಮುಟ್ಟೋದೂ ಇಲ್ಲ. ನಡುವೆ ಗೋಡೆ ಇದೆ."

"ಕರೆಯೋವಾಗ."

ಅಮ್ಮ ಆಲೂಗಡ್ಡೆ ಹೆಚ್ಚುತ್ತಿದ್ದಳು. ಚಾಕು ನಿಂತಿತು. "ಅಂದ್ರೆ ನಾನು."

"ಬಟ್ಟೆ ಇರಬಹುದು ಅತ್ತೆ, ಬಕೆಟ್ ನೀರು ಇರಬಹುದು. ನೋವಿರೋದನ್ನ ಮೊದಲು ಕರೆದು, ಅದೇ ಕೈಯಲ್ಲಿ ಚೆನ್ನಾಗಿರೋದನ್ನ ಮುಟ್ಟಿದ್ರೆ..."

"ಬಟ್ಟೆ ತಾನಾಗೇ ಎದ್ದು ಹೋಗಲ್ಲ. ಈ ಮನೇಲಿ ಹಾಲು ಕರೆಯೋ ಕೈ ಬೇರೆ ಯಾರದಿದೆ?" ಅಮ್ಮ ಎರಡು ಕೈಯನ್ನೂ ಮುಂದೆ ಚಾಚಿದಳು. ಬೆರಳ ಸಂದಿಯಲ್ಲಿ ಚರ್ಮ ಸೀಳಿ ಕೆಂಪಗಿತ್ತು. ದಿನವಿಡೀ ನೀರು, ಸಗಣಿ, ಹಿಂಡಿಯಲ್ಲಿ ಆಡುವ ಕೈ, ಆ ಸೀಳುಗಳು ವಾಸಿಯಾದದ್ದನ್ನು ನಾನು ಕಂಡೇ ಇಲ್ಲ. "ಇದನ್ನೂ ನೋಡು. ಹಸುದನ್ನ ನೋಡಿದೆ, ನಂದೂ ನೋಡು."

"ಬೇಡ ಅತ್ತೆ. ಅದರ ಅಗತ್ಯ ಇಲ್ಲ."

"ನಂಗೆ ಇದೆ."

ಅತ್ತಿಗೆ ನನ್ನ ಕಡೆ ನೋಡಿದಳು. ನಾನು ಏನು ಹೇಳಲಿ? ಬೇಡ ಎಂದರೆ ಅಮ್ಮನ ಮೇಲೆ ಅನುಮಾನ ಇದ್ದಂತೆ, ಬೇಕು ಎಂದರೂ ಇದ್ದಂತೆ. ನನ್ನ ಕತ್ತರಿ ನಾಲಿಗೆ ಬೇಕಾದಾಗ ತುಕ್ಕು ಹಿಡಿಯುತ್ತದೆ. ಕೊನೆಗೆ ಅತ್ತಿಗೆ ಹತ್ತಿ ಸುತ್ತಿದ ಕಡ್ಡಿಯನ್ನು ಆ ಸೀಳುಗಳಲ್ಲಿ ಆಡಿಸಿ ಸೀಸೆಗೆ ಹಾಕಿಕೊಂಡಳು. ನೀಡಿದ ಕೈಯನ್ನು ಅಮ್ಮ ಮುಗಿಯುವವರೆಗೂ ಹಿಂದೆ ತೆಗೆಯಲಿಲ್ಲ.

ಅದೂ ಅದೇ ತಳಿ.

ಹೇಳುವಾಗ ಅತ್ತಿಗೆ ಎಚ್ಚರಿಕೆಯಿಂದಲೇ ಹೇಳಿದಳು. "ಎರಡೂ ಕಡೆ ಒಂದೇ ಇದೆ ಅಂತ ಮಾತ್ರ ಗೊತ್ತಾಗುತ್ತೆ. ನಿಮ್ಮ ಕೈಯಿಂದ ಹಸುಗೆ ಹೋಯ್ತೋ, ಹಸುವಿಂದ ನಿಮ್ಮ ಕೈಗೆ ಬಂತೋ, ಅದನ್ನ ಇದು ಹೇಳಲ್ಲ. ನಿಜವಾಗ್ಲೂ ಹೇಳಲ್ಲ ಅತ್ತೆ."

ಇಷ್ಟು ನಾಜೂಕಿನ ಮಾತು ಯಾರ ಕಿವಿಗೆ ಹೋಗುತ್ತದೆ? ಪುಟ್ಟಿ ಅಂದು ಸಾಯಂಕಾಲವೇ ಪಕ್ಕದ ಮನೆಯ ಗೇಟು ಹಿಡಿದು ಜೋತಾಡುತ್ತ, "ನಮ್ಮಜ್ಜಿ ಕೈಯಲ್ಲಿ ಹುಳ ಇದೆ" ಎಂದು ಸಾರಿ ಬಂದಳು. ಬೀದಿಯಲ್ಲಿ ಹಾಲು ತೆಗೆದುಕೊಳ್ಳುತ್ತಿದ್ದ ಎರಡು ಮನೆಯವರು ಮಾರನೆಯ ದಿನ ಪಾತ್ರೆ ತರಲಿಲ್ಲ. ಅಮ್ಮ ಪುಟ್ಟಿಗೆ ಬೈಯಲಿಲ್ಲ. ಅವಳ ತಲೆ ಬಾಚುವುದನ್ನು ನಿಲ್ಲಿಸಿದಳು, ಅಷ್ಟೇ. ಬಾಚಣಿಗೆಯನ್ನು ತಂದು ನನ್ನ ಮೆಷಿನ್ನಿನ ಮೇಲಿಟ್ಟು ಹೋದಳು.

ಡಾಕ್ಟರು, ಅತ್ತಿಗೆ ಸೇರಿ ಹೊಸ ಕಾನೂನು ಮಾಡಿದರು. ಒಂದೊಂದು ಹಸುವಿಗೆ ಒಂದೊಂದು ಬಟ್ಟೆ. ಕೈಗೆ ಗ್ಲೌಸು. ಕರೆದಾದ ಮೇಲೆ ತೊಟ್ಟನ್ನು ಔಷಧಿಯಲ್ಲಿ ಅದ್ದುವುದು. ಚೆನ್ನಾಗಿರುವುದನ್ನು ಮೊದಲು, ರೋಗದ್ದನ್ನು ಕಟ್ಟಕಡೆಗೆ ಕರೆಯುವುದು. ನನ್ನ ಹತ್ತಿರ ಇದ್ದ ತುಂಡು ಬಟ್ಟೆಗಳನ್ನೆಲ್ಲ ನಾನು ಅಂಚು ಮಡಿಸಿ ಹೊಲಿದು ಕೊಟ್ಟೆ, ಹಸುವಿಗೊಂದು ಬಣ್ಣ.

ಅಮ್ಮ ಎಲ್ಲವನ್ನೂ ಒಪ್ಪಿಕೊಂಡಳು. ಗ್ಲೌಸು ಹಾಕಿಕೊಂಡು ಗಯ್ಯಾಳಿಯ ಕೆಳಗೆ ಕೂತರೆ, ಅದು ಬಕೆಟ್ಟನ್ನು ಹಿತ್ತಲಿನ ಚರಂಡಿಯವರೆಗೆ ಒದೆಯಿತು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಿದ್ರು ಹಿರಿಯರು," ಎಂದಳು ಅಮ್ಮ ಬಕೆಟ್ಟು ತರುತ್ತಾ. "ಪ್ಲಾಸ್ಟಿಕ್ ಕೈಗೆ ಏನು ಸಿಗುತ್ತೋ ಅವರು ಹೇಳಿಲ್ಲ."

ಅದಾದರೂ ಅಭ್ಯಾಸವಾಯಿತು. ಆಗದೇ ಇದ್ದದ್ದು ಕೊನೆಯ ಕಾನೂನು. ದೊಡ್ಡವಳ ಕೆಚ್ಚಲು ಕಲ್ಲಿನಂತೆ ಬಿಗಿದಿರುತ್ತಿತ್ತು. ಅಮ್ಮನ ಹೆಜ್ಜೆ ಸಪ್ಪಳ ಕೇಳಿದೊಡನೆ ಕೂಗಲು ಶುರು ಮಾಡುತ್ತಿತ್ತು. ಅಮ್ಮ ಅದರ ಮುಂದೆಯೇ ಹಾದು ಹೊಸಬಳ ಹತ್ತಿರ ಹೋಗಬೇಕು. ಆಮೇಲೆ ಉಳಿದವು. ಅಷ್ಟೂ ಹೊತ್ತು ಆ ಕೂಗು ನನ್ನ ಮೆಷಿನ್ನಿನ ಸದ್ದನ್ನೂ ಮೀರಿ ಮುಂದಿನ ಕೋಣೆಗೆ ಕೇಳುತ್ತಿತ್ತು. ಅಮ್ಮ ಊಟ ಕಡಿಮೆ ಮಾಡಿದಳು.

ಒಂದು ಭಾನುವಾರ ಅತ್ತಿಗೆ ಕೊಟ್ಟಿಗೆಗೆ ಹೋದವಳು ಅಲ್ಲಿಂದಲೇ ಕೂಗಿದಳು. ನಾನು ಓಡಿದೆ. ಅಮ್ಮ ದೊಡ್ಡವಳ ಕೆಳಗೆ ಕೂತಿದ್ದಳು. ಹೊಸಬಳನ್ನು ಇನ್ನೂ ಕರೆದಿರಲಿಲ್ಲ.

"ಅತ್ತೆ, ಏನು ಮಾಡ್ತಿದ್ದೀರ?"

"ಎರಡೇ ಎರಡು ಸಲ ಹಿಂಡಿದೆ. ಬಿಗಿತ ಸ್ವಲ್ಪ ಇಳೀಲಿ ಅಂತ. ಆಮೇಲೆ ಕೈ ತೊಳ್ಕೊತೀನಲ್ಲ."

"ಎಷ್ಟು ದಿನದಿಂದ ಹೀಗೆ?"

ಅಮ್ಮ ಕೆಳಗೆ ನೋಡುತ್ತ ಗ್ಲೌಸಿನ ಬೆರಳು ಎಳೆದುಕೊಂಡಳು.

"ನಾನು ಅಲ್ಲಿ ದಿನಾ ದನ ಸಾಕೋರಿಗೆಲ್ಲ ಇದನ್ನೇ ಹೇಳ್ಕೊಡ್ತೀನಿ. ನನ್ನ ಮನೇಲಿ ನಡೆಯಲ್ಲ. ಹೊಸಬಳಿಗೂ ಬರಲಿ, ನಾಳೆ ದೊರೆಸಾನಿಗೂ ಬರಲಿ. ಆಗ ಎಲ್ಲಾ ಒಟ್ಟಿಗೆ ನರಳ್ತಾವೆ, ಯಾರನ್ನ ಮೊದಲು ಕರೀತೀರ ಆಗ?"

ಅತ್ತಿಗೆ ಅಮ್ಮನ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಅಣ್ಣ ಓಡಿ ಬಂದ. "ಮೆಲ್ಲಗೆ ಮಾತಾಡೇ, ಬೀದಿಗೆಲ್ಲ ಕೇಳ್ಸುತ್ತೆ."

"ಕೇಳ್ಸಲಿ. ನೀನು ಹೇಳ್ತೀಯಾ ಮತ್ತೆ ನಿಮ್ಮಮ್ಮನಿಗೆ?"

ಅಣ್ಣ ಒಮ್ಮೆ ಹೆಂಡತಿಯನ್ನು, ಒಮ್ಮೆ ಅಮ್ಮನನ್ನು ನೋಡಿದ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. "ಅಮ್ಮ, ಅವಳು ಹೇಳೋದೂ..." ಎಂದು ಅಷ್ಟಕ್ಕೇ ನಿಲ್ಲಿಸಿದ. ಅಮ್ಮನಿಗೆ ಅಷ್ಟೇ ಸಾಕಾಯಿತು. ಎದ್ದು, ಗ್ಲೌಸು ಕಳಚಿ, ಬಕೆಟ್ಟನ್ನು ಅತ್ತಿಗೆಯ ಕಾಲ ಬಳಿ ಇಟ್ಟಳು.

"ನೀನು ಹೇಳೋದು ಸರಿ ಕಣಮ್ಮ. ನನ್ನ ಕೈಲಿ ಆಗಲ್ಲ. ಅದು ಕೂಗ್ತಾ ಇದ್ರೆ ನಂಗೆ ಆ ಕಡೆ ಹೋಗೋಕಾಗಲ್ಲ. ಇನ್ಮೇಲೆ ನಾನು ಮುಟ್ಟಲ್ಲ."

ಕೋಪದಲ್ಲಿ ಹೇಳಿದ್ದರೆ ನಾವು ಯಾರಾದರೂ ಸಮಾಧಾನ ಮಾಡಬಹುದಿತ್ತು. ಕೋಪವಿರಲಿಲ್ಲ.

ಅಂದಿನಿಂದ ಕರೆಯುವುದು ಅತ್ತಿಗೆಯ ಪಾಲಿಗೆ ಬಂತು. ಬೆಳಿಗ್ಗೆ ಬಸ್ಸಿಗೆ ಮುಂಚೆ, ಸಾಯಂಕಾಲ ಬಸ್ಸಿಂದ ಇಳಿದೊಡನೆ. ಅಣ್ಣ ಒಂದು ವಾರ ಕಲಿಯಲು ನೋಡಿದ. ಸ್ಟಿಯರಿಂಗ್ ಹಿಡಿದ ಹಾಗೆ ಹಿಡಿಯಬೇಡ ಎಂದು ಅತ್ತಿಗೆ ಎಷ್ಟು ಹೇಳಿದರೂ ಅವನ ಕೈಗೆ ಹಿಡಿತ ಬರಲಿಲ್ಲ. ನಾನೂ ಕೂತೆ. ಸೂಜಿಗೆ ದಾರ ಪೋಣಿಸುವ ನನ್ನ ಬೆರಳುಗಳು ತೊಟ್ಟು ಹಿಡಿದರೆ ಮರಗಟ್ಟುತ್ತಿದ್ದವು. ಹಸುಗಳೂ ನಮ್ಮನ್ನು ಲೆಕ್ಕಕ್ಕಿಡಲಿಲ್ಲ. ಹಾಲು ಅರ್ಧಕ್ಕೆ ಇಳಿಯಿತು.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದರು. ಈ ತಳಿ ಕೆಚ್ಚಲಿನೊಳಗೆ ಬೇರು ಬಿಟ್ಟರೆ ಔಷಧಿಗೆ ಬಗ್ಗುವುದಿಲ್ಲ, ಹಳೆಯ ರೋಗಿಗಳನ್ನು ಇಟ್ಟುಕೊಂಡಷ್ಟು ದಿನ ಕೊಟ್ಟಿಗೆ ಶುದ್ಧವಾಗುವುದಿಲ್ಲ. ದೊಡ್ಡವಳು, ಗಯ್ಯಾಳಿ, ಮೂಗಿ ಮೂರೂ ಹೋಗಬೇಕು. ಅವನ್ನು ಒಯ್ಯಲು ಲಾರಿ ಬಂದ ದಿನ ಅಮ್ಮ ಒಳಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಲಾರಿಯೊಳಗಿಂದ ದೊಡ್ಡವಳು ಕೂಗಿದ್ದು ಅವಳಿಗೆ ಕೇಳಿಸಿತು. ಪುಟ್ಟಿ ಹೋಗಿ, "ಅಜ್ಜಿ, ನಿದ್ದೆ ಮಾಡ್ತಿದ್ದೀಯಾ?" ಎಂದರೆ, "ಹೂಂ" ಎಂದಳು.

ಉಳಿದದ್ದು ಹೊಸಬಳು ಮತ್ತು ದೊರೆಸಾನಿ. ಆ ವಾರವೇ ದೊರೆಸಾನಿ ಈದಿತು. ಹೆಣ್ಣು ಕರು. ಅತ್ತಿಗೆ ಹಾಲನ್ನು ಲ್ಯಾಬಿಗೆ ಒಯ್ದು ನೋಡಿದಳು. ನಾಲ್ಕು ತೊಟ್ಟೂ ಶುದ್ಧ. ಆ ದಿನ ಅವಳು ಬಸ್ಸು ಇಳಿದು ನಡೆದು ಬರಲಿಲ್ಲ, ಓಡಿ ಬಂದಳು.

"ಅತ್ತೆ, ಇವಳಲ್ಲಿ ಏನೂ ಇಲ್ಲ. ಇವಳಿಂದಾನೇ ಮತ್ತೆ ಶುರು ಮಾಡೋಣ. ಇವಳು, ಇವಳ ಮಗಳು. ಎರಡು ವರ್ಷದಲ್ಲಿ ಕೊಟ್ಟಿಗೆ ತುಂಬುತ್ತೆ ನೋಡಿ."

"ತುಂಬಲಿ ತಾಯಿ," ಎಂದಳು ಅಮ್ಮ. ಮೊದಲ ಸಲ ಸ್ವಲ್ಪ ನಕ್ಕಳು. "ಅದರ ಅಮ್ಮನ ಹಾಗೇ ಕಿವಿ ಆಡಿಸ್ತಾಳೆ."

ದೊರೆಸಾನಿ ಉಳಿದರೆ ಕೊಟ್ಟಿಗೆ ಉಳಿಯುತ್ತದೆ, ಕೊಟ್ಟಿಗೆ ಉಳಿದರೆ ಅಮ್ಮ ಉಳಿಯುತ್ತಾಳೆ, ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಅಮ್ಮನ ಕೈಗೆ ಡಾಕ್ಟರರ ಮುಲಾಮು ಹಚ್ಚುತ್ತಿದ್ದೆವು. ಕೈಯಲ್ಲಿನ ಹುಳ ಪೂರ್ತಿ ಹೋಯಿತು ಎಂದು ಲ್ಯಾಬಿನಲ್ಲಿ ಗೊತ್ತಾಗುವವರೆಗೆ ದೊರೆಸಾನಿಯ ಕೆಚ್ಚಲನ್ನು ಮುಟ್ಟಬಾರದು, ಗ್ಲೌಸು ಹಾಕಿಕೊಂಡೂ ಮುಟ್ಟಬಾರದು ಎಂದು ಅತ್ತಿಗೆ ಕೇಳಿಕೊಂಡಳು. ಅಮ್ಮ ಮಾತು ಕೊಟ್ಟಳು. ಅಮ್ಮ ಮಾತು ಕೊಟ್ಟರೆ ಮುಗಿಯಿತು.

ಒಂದು ದಿನ ಮಧ್ಯಾಹ್ನವೇ ಆಕಾಶ ಕಪ್ಪಿಟ್ಟು ಜೋರು ಮಳೆ ಬಂತು. ಕೊಟ್ಟಿಗೆಯ ಚರಂಡಿ ಕಟ್ಟಿಕೊಂಡು ಸಗಣಿ ನೀರು ಒಳಗೆ ಹಿಂದೆ ಬಂತು. ನಾನೂ ಅಮ್ಮನೂ ಪೊರಕೆ ಹಿಡಿದು ತಳ್ಳಿದಷ್ಟೂ ಬರುತ್ತಿತ್ತು. ಅಣ್ಣನ ವ್ಯಾನು ದೂರದ ರಸ್ತೆಯಲ್ಲಿ ಕೆಟ್ಟು ನಿಂತಿತ್ತು. ಕರೆಯುವ ಹೊತ್ತಾಯಿತು, ಅತ್ತಿಗೆ ಬರಲಿಲ್ಲ. ಹೊಸಬಳನ್ನು ನಾನೇ ಹೇಗೋ ಅರ್ಧಂಬರ್ಧ ಕರೆದೆ. ದೊರೆಸಾನಿಯ ಹತ್ತಿರ ಹೋದರೆ ಕಾಲು ಬೀಸಿತು, ಮೊಣಕಾಲಿಗೆ ಏಟು ಬಿತ್ತು. ಕರುವನ್ನು ಬಿಟ್ಟೆವು. ಪುಟ್ಟ ಹೊಟ್ಟೆ, ಎರಡು ಗುಟುಕು ಕುಡಿದು ಬಾಯಿ ತೆಗೆಯಿತು.

ಕೆಚ್ಚಲು ತುಂಬಿ ಬಿಗಿದು ಹೊಳೆಯುತ್ತಿತ್ತು. ತೊಟ್ಟುಗಳಿಂದ ಹಾಲು ತಾನಾಗಿಯೇ ತೊಟ್ಟಿಕ್ಕಲು ಶುರುವಾಯಿತು. ನಾನು ಅತ್ತಿಗೆಗೆ ಫೋನು ಮಾಡಿದೆ.

"ಬಸ್ಸು ನಿಂತುಬಿಟ್ಟಿದೆ ಅಕ್ಕ, ರಸ್ತೆ ಮೇಲೆ ನೀರು. ನೀನು ಮಾಡೋಕಾಗಲ್ವಾ?"

"ಒದೀತಾಳೆ. ಹತ್ತಿರಾನೇ ಸೇರಿಸ್ತಿಲ್ಲ. ಅಮ್ಮ ಇದ್ದಾಳೆ, ಒಂದೇ ಒಂದು ಸಲ..."

"ಬೇಡ ಅಕ್ಕ. ಇಷ್ಟು ದಿನ ಕಾಪಾಡಿದ್ದು ಹಾಳಾಗುತ್ತೆ. ಒಂದು ಹೊತ್ತು ತಡ ಆದ್ರೆ ಏನಾಗಲ್ಲ. ನಾನು ಬರ್ತೀನಿ, ನಡೆದಾದ್ರೂ ಬರ್ತೀನಿ."

ಅಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. "ಏನಂದ್ಲು?" ಎಂದಳು.

"ಬರ್ತಾಳಂತೆ. ನಡೆದುಕೊಂಡು."

"ನನ್ನ ವಿಷಯ?"

"ಬೇಡ ಅಂದ್ಲು."

"ಸರಿ," ಎಂದಳು ಅಮ್ಮ. ದೊರೆಸಾನಿ ಅವಳನ್ನೇ ನೋಡಿ ಕೂಗಿತು. ಅದರ ಅಮ್ಮ ಕೂಗುತ್ತಿದ್ದ ಹಾಗೆಯೇ. ಅಮ್ಮ ಕದಲಲಿಲ್ಲ. ಇಷ್ಟು ವರ್ಷ ಕೂಗಿದ ಕಡೆ ಓಡಿದವಳು ಅಂದು ನಿಂತೇ ಇದ್ದಳು. "ಹೋಗಮ್ಮ, ಯಾರಿಗೆ ಗೊತ್ತಾಗುತ್ತೆ" ಎಂಬ ಮಾತು ನನ್ನ ಬಾಯಿ ತುದಿಯವರೆಗೆ ಬಂದಿತ್ತು. ಲ್ಯಾಬಿನಲ್ಲಿ ಗೊತ್ತಾಗುತ್ತಿತ್ತಲ್ಲ, ಅದಕ್ಕೇ ನುಂಗಿಕೊಂಡೆ. ಒಣ ನೆಲವಿಲ್ಲದೆ ಬಹಳ ಹೊತ್ತು ನಿಂತೇ ಇದ್ದ ದೊರೆಸಾನಿ ಕೊನೆಗೆ ಆ ಸಗಣಿ ನೀರಿನಲ್ಲೇ ಮಲಗಿತು.

ಅತ್ತಿಗೆ ಬಂದಾಗ ಮಂಡಿವರೆಗೆ ಕೆಸರು, ಒಂದು ಚಪ್ಪಲಿ ಇರಲಿಲ್ಲ. ಬಟ್ಟೆ ಬದಲಾಯಿಸದೆ ನೇರ ಕೊಟ್ಟಿಗೆಗೆ ಹೋಗಿ, ದೊರೆಸಾನಿಯನ್ನು ಎಬ್ಬಿಸಿ, ತೊಳೆದು, ಒರೆಸಿ, ಪೂರ್ತಿ ಕರೆದಳು. ಅಮ್ಮ ಅವಳಿಗೆ ಬಿಸಿನೀರು ಕಾಯಿಸಿಟ್ಟಳು. ಆ ರಾತ್ರಿ ಮೊದಲ ತಟ್ಟೆ ಅತ್ತಿಗೆಗೆ ಬಡಿಸಿದಳು. ಎಲ್ಲ ಸರಿಹೋಯಿತು ಎಂದುಕೊಂಡೆ ನಾನು.

ಒಂದು ದಿನ ಬಿಟ್ಟು ಬೆಳಿಗ್ಗೆ ದೊರೆಸಾನಿ ಹುಲ್ಲು ಮುಟ್ಟಲಿಲ್ಲ. ಮೈ ಕೆಂಡ, ಕಿವಿ ತಣ್ಣಗೆ. ತೊಟ್ಟಿನಿಂದ ಹಾಲಿನ ಬದಲು ಹಳದಿ ನೀರು ಬಂತು. ಡಾಕ್ಟರು ಬಂದು ಕತ್ತಿಗೆ ಸೂಜಿ ಚುಚ್ಚಿ ಬಾಟಲಿಗಳನ್ನು ತೂಗುಹಾಕಿದರು. ಅಣ್ಣ ಬಾಟಲಿ ಹಿಡಿದು ನಿಂತ, ಅತ್ತಿಗೆ ರಜೆ ಹಾಕಿದಳು, ನಾನು ಗೋಣಿ ಬಿಸಿಮಾಡಿ ಬಿಸಿಮಾಡಿ ಹೊದಿಸಿದೆ. ಅಮ್ಮ ಬಾಗಿಲಲ್ಲಿ ನಿಂತು, "ತಲೆ ಮುಟ್ಟಬಹುದಾ?" ಎಂದು ಡಾಕ್ಟರನ್ನು ಕೇಳಿದಳು. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, "ಮುಟ್ಟಿ ತಾಯಿ" ಎಂದು ಬೇರೆ ಕಡೆ ನೋಡಿದರು. ಅಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಾರನೆಯ ದಿನ ಮಧ್ಯಾಹ್ನ ದೊರೆಸಾನಿ ಹಾಗೆಯೇ ಪ್ರಾಣ ಬಿಟ್ಟಿತು.

ಯಾರೂ ಯಾರನ್ನೂ ಏನೂ ಅನ್ನಲಿಲ್ಲ. ಜಗಳವಾದರೂ ಆಗಿದ್ದರೆ ಚೆನ್ನಾಗಿತ್ತು. ಅಣ್ಣ ಹಾರ್ನು ಹೊಡೆಯದೆ ವ್ಯಾನು ತೆಗೆದುಕೊಂಡು ಹೋಗುತ್ತಿದ್ದ. ಹೊಸಬಳನ್ನು ಅತ್ತಿಗೆ ಕರೆಯುತ್ತಿದ್ದಳು, ಆ ಹಾಲಿನಲ್ಲೇ ಸ್ವಲ್ಪವನ್ನು ಸೀಸೆಗೆ ತುಂಬಿ ಅಮ್ಮ ಕರುವಿಗೆ ಕುಡಿಸುತ್ತಿದ್ದಳು. ಸೀಸೆ ಹಿಡಿಯುವುದಕ್ಕೂ ಗ್ಲೌಸು ಹಾಕಿಕೊಳ್ಳುತ್ತಿದ್ದಳು. ಬೇಡ ಎಂದು ಹೇಳಿದರೂ ಬಿಡಲಿಲ್ಲ. ಗ್ಲೌಸಿನೊಳಗೆ ಬೆರಳ ಸಂದಿಯ ಸೀಳುಗಳು ಮುಚ್ಚಿಕೊಂಡು ಚರ್ಮ ಮೆತ್ತಗಾಗಿತ್ತು. ಕೆಲಸವಿಲ್ಲದ ಕೈ.

ಅತ್ತಿಗೆ ದೊರೆಸಾನಿಯ ಹಾಲನ್ನೂ ಲ್ಯಾಬಿಗೆ ಒಯ್ದಿದ್ದಳು. ಒಂದು ಸಾಯಂಕಾಲ ಬಂದವಳು ಹಿತ್ತಲಿನ ಮೆಟ್ಟಿಲ ಮೇಲೆ ಅಮ್ಮನ ಪಕ್ಕ ಕೂತಳು. ನಾನು ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದೆ.

"ಫಲಿತಾಂಶ ಬಂತು ಅತ್ತೆ. ನಿಮ್ಮ ಕೈದಲ್ಲ. ತಳಿ ಅಲ್ಲ, ಬ್ಯಾಕ್ಟೀರಿಯಾನೇ ಬೇರೆ. ಇದು ಸಗಣಿಯಲ್ಲಿ ಇರೋದು. ನೆಲದ್ದು."

ಒಳ್ಳೆಯ ಸುದ್ದಿ ತಂದವಳಂತೆ ಹೇಳಲು ನೋಡಿದಳು, ಆಗಲಿಲ್ಲ. ಅಮ್ಮ ಕರುವಿನ ಬಾಯಿಯಿಂದ ಸೀಸೆ ತೆಗೆದು ನೊರೆ ಒರೆಸಿದಳು.

"ನೆಲದ್ದು ಒಳಗೆ ಹೇಗೆ ಹೋಯ್ತು?"

"ಹಾಲು ತುಂಬಿ ಸೋರುವಾಗ ತೊಟ್ಟಿನ ಬಾಯಿ ತೆರೆದಿರುತ್ತೆ. ಹಾಗೇ ಒದ್ದೆ ನೆಲದ ಮೇಲೆ ಮಲಗಿದ್ರೆ..."

"ಆ ಮಳೆ ದಿನ."

"ಇರಬಹುದು. ಖಚಿತವಾಗಿ ಹೇಳೋಕಾಗಲ್ಲ."

"ನಾನು ಕರೆದಿದ್ರೆ?"

ಅತ್ತಿಗೆ ಕರುವಿನ ಕತ್ತು ಸವರಿದಳು. ಇಲ್ಲ ಅತ್ತೆ, ಏನು ಮಾಡಿದ್ದರೂ ಹೀಗೇ ಆಗುತ್ತಿತ್ತು ಎಂದು ಹೇಳಿಬಿಡು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ಅವಳಿಗೆ ಆ ವಿದ್ಯೆ ಬರುವುದಿಲ್ಲ.

"ನಿಮ್ಮ ಕೈದು ತಗುಲ್ತಿತ್ತೇನೋ," ಎಂದಳು ಕೊನೆಗೆ. "ಆದ್ರೆ ಅದು ಸೊರಗಿಸುತ್ತೆ, ಹೀಗೆ ಎರಡೇ ದಿನಕ್ಕೆ ಕೊಲ್ಲಲ್ಲ."

"ಬದುಕಿರ್ತಿತ್ತು."

"ಬದುಕಿರ್ತಿತ್ತು ಅನ್ಸುತ್ತೆ, ಅತ್ತೆ." ಅವಳು ಮುಖ ಮುಚ್ಚಿಕೊಂಡು ಅತ್ತಳು.

ಅಮ್ಮ ಅವಳ ಬೆನ್ನ ಮೇಲೆ ಕೈ ಇಡಲು ಹೋದಳು. ಗ್ಲೌಸು ಹಾಕಿದ ಕೈ ಅರ್ಧದಲ್ಲೇ ನಿಂತಿತು, ಹಿಂದೆ ಬಂತು.

"ಅಳ್ಬೇಡ. ನೀನು ಹೇಳಿದ್ದೂ ಸರಿಯಾಗೇ ಇತ್ತು. ನಾನು ಕೇಳಿದ್ದೂ ಸರಿಯಾಗೇ ಇತ್ತು," ಎಂದಳು.

ಕೊಟ್ಟಿಗೆಯಲ್ಲಿ ಹೊಸಬಳು ಕೂಗಿದಳು. ಕರೆಯುವ ಹೊತ್ತು ಮೀರಿತ್ತು. ಅತ್ತಿಗೆ ಅಮ್ಮನನ್ನು ನೋಡಿದಳು. ಅಮ್ಮ ನನ್ನನ್ನು ನೋಡಿದಳು. ಹೊಸಬಳು ಇನ್ನೊಮ್ಮೆ ಕೂಗಿದಳು, ಮತ್ತೆ ಕೂಗಿದಳು. ಮೂವರಲ್ಲಿ ಯಾರೂ ಏಳಲಿಲ್ಲ.